ಮನೆ ರಿಪೇರಿ: ಹೆಂಗಸು ಕೇಳಿದರೆ ಒಂದು ರೇಟು, ಗಂಡಸು ಕೇಳಿದರೆ ಇನ್ನೊಂದಾ?

ಹಿತ್ತಲಮನೆ, ಮೈಸೂರು

22 ವರ್ಷದ ಹಳೇ ಮನೆ, ನೆಲಮಹಡಿ ಮಾತ್ರ. ಮೂರು ಕೆಲಸ ಬಾಕಿ ಇವೆ. ನಾನು ಕೇಳಿದಾಗ ಸಿಕ್ಕ ಉತ್ತರಗಳು ಇವು:

1. ಸಂಪಿನ ಪಕ್ಕದ 1 ಎಚ್‌ಪಿ ಸಿಂಗಲ್ ಫೇಸ್ ಮಾನೋಬ್ಲಾಕ್ (ಮೋಟಾರು, ಪಂಪು ಒಂದೇ ಆಗಿರುವ) ಮೋಟಾರು. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತೆ, ತಿರುಗಲ್ಲ, ಸ್ವಲ್ಪ ಹೊತ್ತಿಗೆ ಟ್ರಿಪ್ ಆಗುತ್ತೆ. "ಸುಟ್ಟೋಗಿದೆ, ಹೊಸದು ಹಾಕಿಸಿ, 11,500."
2. ಬಚ್ಚಲುಮನೆಗೆ ಅಂಟಿಕೊಂಡ ರೂಮಿನ ಗೋಡೆಯಲ್ಲಿ ತೇವ. "ಟೈಲ್ಸ್ ಪೂರ್ತಿ ಒಡೆದು ವಾಟರ್‌ಪ್ರೂಫಿಂಗ್ ಮಾಡಬೇಕು, 65,000."
3. ಗೀಸರ್ ಹಾಕಿದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತೆ. "ಮನೆ ವೈರಿಂಗೇ ಹಳೇದು, ಪೂರ್ತಿ ಬದಲಿಸಿ."

ಅದೇ ನಂಬರಿಗೆ ಎರಡು ದಿನ ಬಿಟ್ಟು ತಮ್ಮ ಫೋನ್ ಮಾಡಿದರೆ ಮೋಟಾರಿಗೆ ಬಂದ ಉತ್ತರ: "ಕೆಪಾಸಿಟರ್ ಇರಬಹುದು ಸಾರ್, ಬಂದು ನೋಡ್ತೀನಿ."

ಇದಕ್ಕೆ ಕಾರಣ ನಾನು ಹೆಂಗಸು ಅನ್ನೋದಾ, ಅಥವಾ ಬೇರೇನಾದರೂ ಇದೆಯಾ? ಕರೆಸುವ ಮೊದಲು ಮನೆಯಲ್ಲೇ ಏನೇನು ಪರೀಕ್ಷೆ ಮಾಡಿಕೊಳ್ಳಬಹುದು? ಬಾಗಿಲಿಗೆ ಬಂದ ಕೂಡಲೇ "ಯಜಮಾನ್ರು ಇಲ್ವಾ ಮೇಡಂ?" ಅಂದರೆ ಏನು ಹೇಳಬೇಕು? ತಿಳಿದವರು ವಿವರವಾಗಿ ಬರೆಯಿರಿ, ದಯವಿಟ್ಟು.

ನೀರಗಂಟಿ

ಮೋಟಾರಿನ ವಿಷಯ ಮೊದಲು. ಗುಂಯ್ ಅಂದು ತಿರುಗದಿದ್ದರೆ ಕಾರಣ ಸಾಮಾನ್ಯವಾಗಿ ಎರಡೇ: ಒಂದು, ಮೋಟಾರು ತಿರುಗಲು ಶುರುಮಾಡಿಸುವ ಕೆಪಾಸಿಟರ್ ಹೋಗಿದೆ, ಇನ್ನೊಂದು, ಒಳಗಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಜಾಮ್ ಆಗಿದೆ. ವೈಂಡಿಂಗ್ (ಒಳಗೆ ಸುತ್ತಿರುವ ತಂತಿ) ಸುಟ್ಟಿರೋದು ಮೂರನೇ ಸಾಧ್ಯತೆ. ಆದರೆ ಆ ಸದ್ದು ಬರುತ್ತಿರುವಾಗ ಮತ್ತೆ ಮತ್ತೆ ಸ್ವಿಚ್ ಹಾಕುತ್ತಿದ್ದರೆ ಚೆನ್ನಾಗಿರುವ ವೈಂಡಿಂಗೂ ಸುಟ್ಟೇ ಹೋಗುತ್ತೆ. ಆದ್ದರಿಂದ ಇವತ್ತಿನಿಂದಲೇ ಸ್ವಿಚ್ ಮುಟ್ಟಬೇಡಿ.

ಮನೆಯಲ್ಲಿ ನೋಡಿಕೊಳ್ಳುವುದು ಹೀಗೆ. ಮೇನ್ ಆಫ್ ಮಾಡಿ. ಮೋಟಾರಿನ ಹಿಂಬದಿ ಫ್ಯಾನ್ ಕವರಿನ ಸ್ಕ್ರೂ ಬಿಚ್ಚಿ, ಫ್ಯಾನನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಅನುಮಾನ ಕೆಪಾಸಿಟರ್ ಮೇಲೆ. ಬಿಗಿಯಾಗಿ ನಿಂತಿದ್ದರೆ ತುಕ್ಕೋ ಮರಳೋ ಸಿಕ್ಕಿಕೊಂಡಿದೆ. ಎರಡೂ ಕಡೆಗೆ ಮೆಲ್ಲಗೆ ಆಡಿಸಿದರೆ ಕೆಲವೊಮ್ಮೆ ಬಿಟ್ಟುಕೊಳ್ಳುತ್ತೆ, ಇಲ್ಲದಿದ್ದರೆ ಪಂಪಿನ ಭಾಗ ಬಿಚ್ಚಿ ತೊಳೆಯಬೇಕು. ಕೆಪಾಸಿಟರ್ ಡಬ್ಬಿಗೆ ಮಾತ್ರ ನೀವು ಕೈ ಹಾಕಬೇಡಿ. ಕರೆಂಟ್ ಆಫ್ ಆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತೆ, ಜೋರಾಗಿ ಹೊಡೆಯುತ್ತೆ.

"ಸುಟ್ಟಿದೆ" ಅನ್ನುವವರು ಮಲ್ಟಿಮೀಟರ್ ಹಿಡಿದು ತೋರಿಸಲಿ. ವೈಂಡಿಂಗಿನಿಂದ ಮೂರು ತುದಿ ಬರುತ್ತವೆ: ಕಾಮನ್, ರನ್ನಿಂಗ್, ಸ್ಟಾರ್ಟಿಂಗ್. ಕಾಮನ್–ರನ್ನಿಂಗ್ ಓಮ್ಸ್ ಮತ್ತು ಕಾಮನ್–ಸ್ಟಾರ್ಟಿಂಗ್ ಓಮ್ಸ್ ಕೂಡಿಸಿದರೆ ರನ್ನಿಂಗ್–ಸ್ಟಾರ್ಟಿಂಗ್ ಓಮ್ಸ್ ಬರಬೇಕು. ಯಾವುದಾದರೂ ಜೋಡಿಗೆ ರೀಡಿಂಗೇ ಬರದಿದ್ದರೆ ವೈಂಡಿಂಗ್ ಎಲ್ಲೋ ತುಂಡಾಗಿದೆ. ಒಂದು ತುದಿಗೂ ಮೋಟಾರಿನ ಬಾಡಿಗೂ ಸಂಪರ್ಕ ತೋರಿಸಿದರೆ ಬಾಡಿ ಶಾರ್ಟ್. ಇವೆರಡೂ ಇಲ್ಲ, ಸುಟ್ಟ ವಾಸನೆಯೂ ಇಲ್ಲ ಅಂದರೆ 11,500ರ ಮಾತು ಸದ್ಯಕ್ಕೆ ಬೇಡ. ಕೆಪಾಸಿಟರ್ ಕೆಲವು ನೂರು ರೂಪಾಯಿಯ ಸಾಮಾನು. ಒಂದು ವೇಳೆ ನಿಜಕ್ಕೂ ರಿವೈಂಡಿಂಗ್ ಬೇಕಾದರೆ ಹೊಸ ತಂತಿ ತಾಮ್ರದ್ದಾ ಅಲ್ಯೂಮಿನಿಯಮ್ಮಾ ಅಂತ ಬರೆಸಿಕೊಳ್ಳಿ. ಹಳೇ ತಾಮ್ರ ಗುಜರಿಗೆ ಬೆಲೆ ಬಾಳುತ್ತೆ, ಅದು ಯಾರಿಗೆ ಅನ್ನುವುದನ್ನೂ ಮೊದಲೇ ಮಾತಾಡಿ.

ಎರಡನೇದು ತೇವ. ಇಲ್ಲಿ ತಪ್ಪು ಆಗುವುದೇ ಹೆಚ್ಚು, ಯಾಕೆಂದರೆ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕುವ ಮೊದಲೇ ಒಡೆಯೋಕೆ ಶುರು ಮಾಡ್ತಾರೆ. ನೀರು ಬರುವ ದಾರಿ ಮೂರು: ಗೋಡೆಯೊಳಗಿನ ಪೈಪು, ನೆಲ, ನಾನಿ ಟ್ರ್ಯಾಪ್ (ಬಚ್ಚಲಿನ ನೀರು ಹೊರಗೆ ಹೋಗುವ ನೆಲದ ತೂತು). ಒಂದೊಂದಾಗಿ ಪರೀಕ್ಷೆ ಮಾಡಿ, ಎಲ್ಲವನ್ನೂ ಒಟ್ಟಿಗೆ ಬೇಡ.

ಮೊದಲ ರಾತ್ರಿ: ಮೇಲಿನ ಟ್ಯಾಂಕಿಗೆ ನೀರು ಬರುವುದನ್ನು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಮನೆಯ ಎಲ್ಲ ನಲ್ಲಿ ಮುಚ್ಚಿ. ಆರೇಳು ಗಂಟೆಯಲ್ಲಿ ಮಟ್ಟ ಇಳಿದಿದ್ದರೆ ಒತ್ತಡದ ಲೈನಿನಲ್ಲಿ ಸೋರಿಕೆ ಇದೆ. ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರಿದರೂ ಮಟ್ಟ ಇಳಿಯುತ್ತೆ, ಅದರ ಆಂಗಲ್ ಕಾಕ್ (ಅದಕ್ಕೆ ನೀರು ಬಿಡುವ ಗೋಡೆಯ ನಲ್ಲಿ) ಮುಚ್ಚಿಯೇ ಇರಲಿ. ಮಟ್ಟ ಇಳಿಯದಿದ್ದರೆ ಮುಂದಿನದು: ನಾನಿ ಟ್ರ್ಯಾಪಿಗೆ ಪ್ಲಾಸ್ಟಿಕ್ಕು, ಬಟ್ಟೆ ತುರುಕಿ ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಡಿ. ಆಚೆ ಗೋಡೆಯ ತೇವದ ಅಂಚಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿಟ್ಟಿರಿ. ಗೆರೆ ದಾಟಿದರೆ ನೆಲ. ದಾಟದಿದ್ದರೆ ಗೋಡೆ ಒಣಗಲು ಒಂದೆರಡು ದಿನ ಬಿಟ್ಟು, ಟ್ರ್ಯಾಪಿಗೆ ಮಾತ್ರ ಹತ್ತಿಪ್ಪತ್ತು ಬಕೆಟ್ ಸುರಿದು ನೋಡಿ.

ತೇವದ ಎತ್ತರವೂ ಮಾತಾಡುತ್ತೆ. ನೆಲದಿಂದ ಎರಡು ಮೂರು ಅಡಿಯವರೆಗೆ ಉದ್ದಕ್ಕೂ ಇದ್ದರೆ ನೆಲದ ಕಡೆಯದು. ಮೂರು ನಾಲ್ಕು ಅಡಿ ಎತ್ತರದಲ್ಲಿ, ಮಿಕ್ಸರ್ ಇರುವ ಜಾಗದ ಹಿಂದೆ ದುಂಡಗೆ ಇದ್ದರೆ ಪೈಪು. 22 ವರ್ಷದ ಮನೆ ಅಂದರೆ ಒಳಗೆ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪು ಇರುವ ಸಾಧ್ಯತೆ ಇದೆ, ಅದು ತಿರುವಿನಲ್ಲಿ ತುಕ್ಕು ಹಿಡಿದು ತೂತಾಗುತ್ತೆ. ಹಾಗಿದ್ದರೆ ಒಡೆಯಬೇಕಾದದ್ದು ಪೈಪು ಹೋಗಿರುವ ಒಂದು ಸಾಲು ಮಾತ್ರ. ಬಿಸಿನೀರು ಹೋಗುವ ಕಡೆ ಬಿಸಿ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿ, ತಣ್ಣೀರಿನ ಯುಪಿವಿಸಿ ಬೇಡ. ಅಂಟು ಒಣಗಲು ಒಂದು ದಿನ ಬಿಟ್ಟು, ಗೋಡೆ ಮುಚ್ಚುವ ಮೊದಲು ಕೈಪಂಪಿನಿಂದ ಒತ್ತಡ ಕೊಟ್ಟು ನೋಡಬೇಕು. ಗೇಜಿನ ಮುಳ್ಳು ಒಂದು ಗಂಟೆ ಕದಲಬಾರದು. ಈ ಪರೀಕ್ಷೆ ಆಗುವಾಗ ನೀವು ಅಲ್ಲೇ ನಿಂತಿರಿ. ಮುಚ್ಚಿದ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ.

ಪರೀಕ್ಷೆಯಲ್ಲಿ ನೆಲವೇ ಅಂತ ಗೊತ್ತಾದರೆ ಮೊದಲು ಟೈಲ್ಸ್ ಸಂದಿ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿ ಒಂದು ತಿಂಗಳು ನೋಡಬಹುದು. ಅದಕ್ಕೂ ನಿಲ್ಲದಿದ್ದರೆ ಆಗ ಒಡೆಯುವ ಮಾತು. ಆಗಲೂ ಕರಾರು ಹೀಗಿರಲಿ: ವಾಟರ್‌ಪ್ರೂಫ್ ಎರಡು ಕೋಟು, ಗೋಡೆಗೆ ಕನಿಷ್ಠ ಒಂದು ಅಡಿ ಏರಿಸಿ, ಷವರ್ ಇರುವ ಕಡೆ ಆರು ಅಡಿ, ಟೈಲ್ಸ್ ಹಾಕುವ ಮೊದಲು 48 ಗಂಟೆ ನೀರು ನಿಲ್ಲಿಸಿ ತೋರಿಸಬೇಕು.

ತಕ್ಕಡಿ

ನೀವು ಕೇಳಿದ ಮೊದಲ ಪ್ರಶ್ನೆಗೆ ನಾನು ಉತ್ತರಿಸ್ತೀನಿ. ಭೇದ ಇದೆ, ಅಳೆದೂ ನೋಡಿದ್ದಾರೆ, ಮನೆ ರಿಪೇರಿಯಲ್ಲಿ ಅಲ್ಲ, ಕಾರು ರಿಪೇರಿಯಲ್ಲಿ. ಅಮೆರಿಕದಲ್ಲಿ ಮೇಘನ್ ಬುಸ್ಸೆ, ಅಯೆಲೆಟ್ ಇಸ್ರೇಲಿ, ಫ್ಲೋರಿಯನ್ ಝೆಟ್ಟಲ್‌ಮೇಯರ್ ಎಂಬ ಮೂವರು ಸಂಶೋಧಕರು ಹೆಂಗಸರು ಗಂಡಸರಿಬ್ಬರಿಂದಲೂ ಗ್ಯಾರೇಜುಗಳಿಗೆ ಫೋನ್ ಮಾಡಿಸಿದರು. ಎಲ್ಲರೂ ಕೇಳಿದ್ದು ಒಂದೇ: 2003ರ ಟೊಯೊಟಾ ಕ್ಯಾಮ್ರಿಗೆ ರೇಡಿಯೇಟರ್ ಬದಲಿಸಲು ಎಷ್ಟಾಗುತ್ತೆ? "ನನಗೇನೂ ಗೊತ್ತಿಲ್ಲ" ಅನ್ನುವ ರೀತಿ ಕೇಳಿದಾಗ ಹೆಂಗಸರಿಗೆ ಹೆಚ್ಚು ರೇಟು ಹೇಳಿದರು. "365 ಡಾಲರ್ ಆಗಬಹುದು ಅಂತ ಕೇಳಿದ್ದೀನಿ" ಅಂತ ಮಾರುಕಟ್ಟೆ ದರ ಹೇಳಿ ಕೇಳಿದಾಗ ಆ ವ್ಯತ್ಯಾಸ ಇಲ್ಲವಾಯಿತು. ಇನ್ನೊಂದು ವಿಷಯ: ಕಡಿಮೆ ಮಾಡಿ ಅಂತ ಕೇಳಿದಾಗ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಬಾರಿ ಕಡಿಮೆ ಮಾಡಿದರು. 2017ರಲ್ಲಿ ಪ್ರಕಟವಾದ ಅಧ್ಯಯನ ಇದು.

ಅಂದರೆ ರೇಟು ಏರುವುದು "ಇವರಿಗೆ ಗೊತ್ತಿರಲ್ಲ" ಎಂಬ ಊಹೆಯ ಮೇಲೆ. ಹೆಂಗಸಿನ ದನಿ ಕೇಳಿದ ಕೂಡಲೇ ಆ ಊಹೆ ಮಾಡಿಬಿಡುವುದೇ ಅನ್ಯಾಯ. ಗೊತ್ತಿದೆ ಅಂತ ತೋರಿಸುವ ಹೊರೆ ನಮ್ಮ ಮೇಲೆ ಬೀಳುವುದೂ ಅನ್ಯಾಯವೇ, ಆದರೆ ಮೋಟಾರು ಈ ವಾರವೇ ಓಡಬೇಕಲ್ಲ. ಹಾಗಾಗಿ ಫೋನಿನಲ್ಲಿ ಈ ರೀತಿ ಕೇಳಿ ನೋಡಿ:

"1 ಎಚ್‌ಪಿ ಸಿಂಗಲ್ ಫೇಸ್ ಮಾನೋಬ್ಲಾಕ್. ಗುಂಯ್ ಅಂತಿದೆ, ತಿರುಗ್ತಿಲ್ಲ. ಫ್ಯಾನ್ ಕೈಯಲ್ಲಿ ಸಲೀಸಾಗಿ ತಿರುಗುತ್ತೆ. ಕೆಪಾಸಿಟರ್ ಬದಲಿಸಲು ಸಾಮಾನು ಎಷ್ಟು, ಕೂಲಿ ಎಷ್ಟು? ವಿಸಿಟಿಂಗ್ ಚಾರ್ಜ್ ಇದ್ದರೆ ಕೆಲಸ ಮಾಡಿಸಿದಾಗ ಬಿಲ್ಲಲ್ಲಿ ಕಳೀತೀರಾ? ಹಳೇ ಪಾರ್ಟ್ ಇಲ್ಲೇ ಬಿಟ್ಟುಹೋಗಬೇಕು."

ಉತ್ತರವನ್ನು ವಾಟ್ಸಾಪಿನಲ್ಲಿ ಹಾಕಲು ಹೇಳಿ, ಸಾಮಾನು ಒಂದು ಸಾಲು, ಕೂಲಿ ಒಂದು ಸಾಲು. "ಎಲ್ಲಾ ಸೇರಿ ಇಷ್ಟು" ಎಂಬ ಒಂದೇ ಮೊತ್ತದಲ್ಲಿ ಏನು ಎಷ್ಟು ಅಂತ ಯಾರಿಗೂ ಲೆಕ್ಕ ಸಿಗಲ್ಲ.

ನೀರಗಂಟಿ

ತಕ್ಕಡಿಯವರ ಮಾತಿಗೆ ಒಂದು ತಿದ್ದುಪಡಿ. ಲಕ್ಷಣ ಹೇಳಿ, ನೀವು ಪರೀಕ್ಷಿಸಿದ್ದನ್ನು ಹೇಳಿ. ಪರಿಹಾರವನ್ನು ಆದೇಶದ ಹಾಗೆ ಹೇಳಬೇಡಿ. "ಕೆಪಾಸಿಟರ್ ಬದಲಿಸಿ" ಅಂದರೆ ಬದಲಿಸಿ ದುಡ್ಡು ಇಸ್ಕೊಂಡು ಹೋಗ್ತಾರೆ. ಮೋಟಾರು ಆಮೇಲೂ ತಿರುಗದಿದ್ದರೆ "ನೀವೇ ಹೇಳಿದ್ದು ಮೇಡಂ" ಅನ್ನುವುದಕ್ಕೆ ದಾರಿ ಆಗುತ್ತೆ. "ಮೋಟಾರು ನೀರು ಎತ್ತಬೇಕು, ಅದಕ್ಕೆ ಮೊದಲು ಕೆಪಾಸಿಟರ್ ನೋಡಿ" ಅಂತ ಇರಲಿ.

ಸಾಗರದವ

ಗಂಡಸರಿಗೂ ಹೀಗೇ ಹೇಳ್ತಾರೆ. ಯಾವ ಏರಿಯಾ, ಬಾಗಿಲ ಮುಂದೆ ಯಾವ ಕಾರು, ಅಪಾರ್ಟ್‌ಮೆಂಟಾ ಅಲ್ವಾ ಅಂತ ನೋಡಿ ರೇಟು ಹೇಳುವವರು ಬೇಕಾದಷ್ಟು. ಜೊತೆಗೆ ನಿಮ್ಮ ಹೋಲಿಕೆಯಲ್ಲಿ ಒಂದು ತೊಂದರೆ ಇದೆ: ತಮ್ಮ ಕೇಳಿದ್ದು ಎರಡನೇ ಸಲ. ಮೊದಲು ಕೇಳಿ ಬಿಟ್ಟವರು ಬೇರೆ ಕಡೆ ವಿಚಾರಿಸಿದ್ದಾರೆ ಅಂತ ಗೊತ್ತಾದರೆ ಯಾರಿಗಾದರೂ ಮೆತ್ತಗೆ ಉತ್ತರ ಬರುತ್ತೆ.

ತಕ್ಕಡಿ

ಎರಡನೇ ಮಾತು ಸರಿ, ಒಪ್ಪಿದೆ. ಪರೀಕ್ಷೆ ನ್ಯಾಯವಾಗಿರಬೇಕಾದರೆ ಅದೇ ಫೋಟೋ, ಅದೇ ಪದಗಳ ಮೆಸೇಜು ಇರಬೇಕು. ನಾಲ್ವರು ರಿಪೇರಿಯವರಲ್ಲಿ ಇಬ್ಬರಿಗೆ ಮೊದಲು ಅಕ್ಕನ ನಂಬರಿನಿಂದ, ಇನ್ನಿಬ್ಬರಿಗೆ ಮೊದಲು ತಮ್ಮನ ನಂಬರಿನಿಂದ ಹೋಗಬೇಕು. ಮೊದಲನೇ ಮಾತು ಅರ್ಧ ಸರಿ. ಏರಿಯಾ ನೋಡಿ ಏರಿಸುವುದು ಇದ್ದೇ ಇದೆ, ಆದರೆ ಅದರ ಮೇಲೆ ಇದೂ ಸೇರುತ್ತೆ. ಹೆಂಗಸರಿಗೆ ಆಗುವುದು ಬರೀ ರೇಟಿನ ವ್ಯತ್ಯಾಸವೂ ಅಲ್ಲ. ಏನು ಕೆಟ್ಟಿದೆ ಅಂತ ವಿವರಿಸದೇ ಇರುವುದು, ಕೇಳಿದ ಪ್ರಶ್ನೆಗೆ ಪಕ್ಕದಲ್ಲಿ ನಿಂತ ಗಂಡಸಿನ ಮುಖ ನೋಡಿ ಉತ್ತರಿಸುವುದು, ಸಣ್ಣ ಕೆಲಸ ಕೇಳಿದರೆ ದೊಡ್ಡ ಕೆಲಸ ಹೇಳುವುದು. ಮೇಲಿನ ಮೂರು ಉತ್ತರಗಳಲ್ಲೂ ಇರುವುದು ಈ ಕೊನೆಯದೇ: ಮೂರಕ್ಕೂ "ಪೂರ್ತಿ ಬದಲಿಸಿ".

ವೈರ್‌ಮನ್, ಹುಬ್ಬಳ್ಳಿ

ಅಕ್ಕಾರ, ಮೂರನೇದು ನಂದು. ಎಂಸಿಬಿ ಬೀಳೂದಕ್ಕೂ ಆರ್‌ಸಿಸಿಬಿ ಬೀಳೂದಕ್ಕೂ ಫರಕ್ ಐತ್ರಿ. ಲೋಡ್ ಜಾಸ್ತಿ ಆದ್ರ, ಶಾರ್ಟ್ ಆದ್ರ ಎಂಸಿಬಿ ಬೀಳ್ತದ. ಕರೆಂಟ್ ಅರ್ತಿಗೆ ಸೋರಿದ್ರ ಆರ್‌ಸಿಸಿಬಿ ಬೀಳ್ತದ. ಮನಿಯೊಳಗ ಹಾಕೂದು 30 ಮಿಲಿಆಂಪಿಯರಿಂದು, ಅಂದ್ರ ಭಾಳ ಸಣ್ಣ ಸೋರಿಕಿಗೂ ಬೀಳ್ತದ. ಮನಶ್ಯಾರ ಜೀವ ಉಳಿಸಾಕ ಇರೂದ ಅದು.

ಗೀಸರ್ ಹಾಕಿದಾಗ ಅಷ್ಟ ಬೀಳ್ತದ ಅಂದ್ರ ಮೊದಲ ಗೀಸರಿಂದು ಪ್ಲಗ್ ಕಿತ್ತಿಡ್ರಿ. ಪ್ಲಗ್ ಇಲ್ಲದ ಸ್ವಿಚ್ ಹಾಕ್ರಿ. ಆರ್‌ಸಿಸಿಬಿ ಬೀಳದ ನಿಂತ್ರ ವೈರಿಂಗ್ ಛಲೋ ಐತಿ, ಗೀಸರಿಂದ ನೀರು ಕಾಸೂ ಎಲಿಮೆಂಟ್ ಹೋಗೈತಿ. ಬೋರಿನ ಗಡಸ ನೀರಿನಾಗ ಎಲಿಮೆಂಟ್ ಮ್ಯಾಲೆ ಸುಣ್ಣ ಕಟ್ಟಿ, ಕಾವು ಹೊರಗ ಹೋಗಲಾರದ ಮ್ಯಾಲಿನ ಕೊಳವಿ ಸೀಳ್ತದ, ನೀರು ಒಳಗ ಹೊಕ್ಕು ಕರೆಂಟ್ ಅರ್ತಿಗೆ ಸೋರ್ತದ. ಎಲಿಮೆಂಟ್, ಗ್ಯಾಸ್ಕೆಟ್, ಆನೋಡ್ ರಾಡ್ (ಟಾಕಿ ತುಕ್ಕು ಹಿಡೀಲಾರದಂಗ ಕಾಯೂ ಕಡ್ಡಿ) ಮೂರೂ ಒಮ್ಮೆ ಬದಲಿ ಮಾಡಿಸ್ರಿ, ಟಾಕಿ ಒಳಗಿನ ಸುಣ್ಣ ತಗಸ್ರಿ. ಇಷ್ಟಕ್ಕ ಮನಿ ವೈರಿಂಗ್ ಕೀಳೂದು ಬ್ಯಾಡ.

ಪ್ಲಗ್ ಕಿತ್ರೂ ಬಿದ್ರ ಎಲ್ಲಾ ಎಂಸಿಬಿ ಆಫ್ ಮಾಡಿ, ಆರ್‌ಸಿಸಿಬಿ ಏರಿಸಿ, ಒಂದೊಂದ ಎಂಸಿಬಿ ಹಾಕ್ಕೊಂತ ಬರ್ರಿ. ಯಾವುದಕ್ಕ ಬೀಳ್ತದ ಆ ಲೈನಿನಾಗ ದೋಷ. ಎಲ್ಲಾ ಆಫ್ ಇದ್ರೂ ಬಿದ್ರ ಎಲ್ಲೋ ನ್ಯೂಟ್ರಲ್ ಅರ್ತಿಗೆ ತಾಗೈತಿ. ಸಿಂಗಲ್ ಪೋಲ್ ಎಂಸಿಬಿ ಫೇಸ್ ಅಷ್ಟ ಕಡೀತದ, ನ್ಯೂಟ್ರಲ್ ಕಡಿಯೂದಿಲ್ಲ. ಆವಾಗ ಮೆಗ್ಗರ್ (ಕರೆಂಟ್ ಸೋರಿಕಿ ಪತ್ತೆ ಹಚ್ಚೂ ಮೀಟರ್) ಇರೂ ವೈರ್‌ಮನ್ ಬೇಕು. 500 ವೋಲ್ಟ್ ಮೆಗ್ಗರಿನಾಗ ಒಂದೊಂದ ಸರ್ಕೀಟು ಅಳದು ರೀಡಿಂಗ್ ಬರದು ಕೊಡ್ಲಿ. 1 ಮೆಗಾಓಮಿಗಿಂತ ಕೆಳಗ ಬಂದದ್ದು ಅಷ್ಟ ಬದಲಿ ಮಾಡಿಸ್ರಿ. ಮೆಗ್ಗರ್ ಹಚ್ಚಲಾರದ "ಪೂರ್ತಿ ಬದಲಿಸ್ರಿ" ಅಂದವರ ಮಾತು ನಂಬಬ್ಯಾಡ್ರಿ.

ಇನ್ನೊಂದು, ಇದು ದುಡ್ಡಿಗಿಂತ ದೊಡ್ಡದು. ಕೆಲವರು ಸಲೀಸ್ ಆಗ್ಲಿ ಅಂತ ಆರ್‌ಸಿಸಿಬಿ ಬೈಪಾಸ್ ಮಾಡಿ ಹೋಗ್ತಾರ. "ಈಗ ಬೀಳೂದಿಲ್ಲ ನೋಡ್ರಿ" ಅಂತಾರ. ಬೀಳೂದಿಲ್ಲ, ಖರೆ, ಆದ್ರ ಸ್ನಾನಕ್ಕ ನಿಂತವರ ಮೈಮ್ಯಾಲೆ ಹರೀತದ. ಅವರು ಹೋಗೂಕಿಂತ ಮೊದಲ ಆರ್‌ಸಿಸಿಬಿ ಮ್ಯಾಲಿನ ಟೆಸ್ಟ್ ಗುಂಡಿ ಒತ್ರಿ. ಟಪ್ ಅಂತ ಬೀಳಬೇಕು, ಜೊತಿಗೆ ಬಚ್ಚಲದ ಲೈಟು, ಗೀಸರಿನ ಪ್ಲಗ್ಗು ಎಲ್ಲಾ ಸತ್ತಿರಬೇಕು. ಗುಂಡಿ ಒತ್ತಿ ಆರ್‌ಸಿಸಿಬಿ ಬಿದ್ರೂ ಗೀಸರಿಗೆ ಕರೆಂಟ್ ಇದ್ರ ಆ ಲೈನ್ ಬೈಪಾಸ್ ಆಗೈತಿ. ರೊಕ್ಕ ಕೊಡಬ್ಯಾಡ್ರಿ.

"ಯಜಮಾನ್ರು ಎಲ್ಲಿ" ಅಂತ ಯಾಕ ಕೇಳ್ತಾರ ಅಂದ್ರ, ಮುಂಜಾನೆ ಬಾಯಿಯವರ ಜೋಡಿ ಮಾತಾದ ರೇಟು ಸಂಜೀಕ ಗಂಡ ಬಂದು ಮತ್ತ ಚೌಕಾಸಿ ಮಾಡ್ತಾನ ಅನ್ನೂ ಅಂಜಿಕಿ. ಕೆಲಸ ಮುಗದ ಮ್ಯಾಲೆ ಜಗಳ ಆಗಬಾರದು ಅಂತ. ಆದ್ರ ಕೇಳೂ ರೀತಿ ತಪ್ಪ ಐತಿ, ನಮ್ಮ ಕಸಬಿನವರು ಬಿಡಬೇಕು ಅದನ್ನ. "ಕೆಲಸ ಯಾರು ಒಪ್ಪಿಕೊಳ್ತೀರಿ?" ಅಂತ ಕೇಳಿದ್ರ ಸಾಕು. ನೀವು ಉತ್ತರ ಕೊಡೂದು: "ತೀರ್ಮಾನ ನಂದು, ದುಡ್ಡು ನಾನ ಕೊಡೂದು, ನನಗ ಹೇಳ್ರಿ." ಮನಿಯಾಗ ಯಾರೂ ಇಲ್ಲ ಅನ್ನೂದನ್ನ ಹೇಳೂ ಜರೂರತ್ತಿಲ್ಲ. ಈ ಮಾತಿನಾಗ ಅದು ಗೊತ್ತಾಗೂದೂ ಇಲ್ಲ.

ಅರಿಶಿನ

ಕರೆಸದೇ ಬರುವವರ ಬಗ್ಗೆಯೂ ಹೇಳಲೇಬೇಕು. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನದ ಹೊತ್ತಿಗೆ, ಮನೆಯಲ್ಲಿ ಹೆಂಗಸರೋ ವಯಸ್ಸಾದವರೋ ಮಾತ್ರ ಇರುವ ಸಮಯ ನೋಡಿಕೊಂಡೇ ಬರುವವರಿವರು.

ಒಂದು, "ಗ್ಯಾಸ್ ಏಜೆನ್ಸಿಯಿಂದ ಚೆಕಿಂಗ್". ಪೈಪು ಹಳೇದಾಗಿದೆ ಅಂತ ಹೆದರಿಸಿ ಬದಲಿಸಿ ದುಡ್ಡು ಕೇಳ್ತಾರೆ. ಡಿಸ್ಟ್ರಿಬ್ಯೂಟರ್ ಕಡೆಯಿಂದ ಐದು ವರ್ಷಕ್ಕೊಮ್ಮೆ ತಪಾಸಣೆ ಇರುವುದು ನಿಜ. ಅದಕ್ಕೇ ಬಾಗಿಲಲ್ಲೇ ನಿಲ್ಲಿಸಿ ಗುರುತಿನ ಚೀಟಿ ನೋಡಿ, ಗ್ಯಾಸ್ ಪುಸ್ತಕದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಬಂದವರು ಕೊಟ್ಟ ನಂಬರಿಗೆ ಬೇಡ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲೆ ಐಎಸ್‌ಐ ಗುರುತಿನ ಜೊತೆಗೆ ತಯಾರಾದ ಕಾಲ ಅಚ್ಚಾಗಿರುತ್ತೆ, ಐದು ವರ್ಷ ಆಗಿಲ್ಲ, ಬಿರುಕು ಇಲ್ಲ ಅಂದರೆ ಬದಲಿಸಬೇಕಿಲ್ಲ. ನಿಜಕ್ಕೂ ಗ್ಯಾಸ್ ಸೋರಿದರೆ 1906ಕ್ಕೆ ಕರೆ ಮಾಡಿ.

ಇನ್ನೊಂದು ನೀರಿನ ಫಿಲ್ಟರ್ ಮಾರುವವರ ಪ್ರದರ್ಶನ. ನಿಮ್ಮ ನಲ್ಲಿ ನೀರು ಒಂದು ಲೋಟ, ಅವರ ಆರ್‌ಓ ನೀರು ಒಂದು ಲೋಟ ಇಟ್ಟು ಕರೆಂಟಿನ ಕಡ್ಡಿಗಳನ್ನು ಅದ್ದುತ್ತಾರೆ. ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಬಗ್ಗಡ ಏಳುತ್ತೆ, "ಮಕ್ಕಳಿಗೆ ಇದನ್ನೇ ಕುಡಿಸ್ತಿದ್ದೀರಾ" ಅಂತಾರೆ. ಆ ಬಗ್ಗಡ ಬರುವುದು ಕಬ್ಬಿಣದ ಕಡ್ಡಿಯೇ ಕರಗಿ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತೆ, ಕಡ್ಡಿ ಕರಗುತ್ತೆ. ಆರ್‌ಓ ನೀರಿನಲ್ಲಿ ಲವಣ ಕಡಿಮೆ, ಹಾಗಾಗಿ ತಿಳಿಯಾಗಿಯೇ ಉಳಿಯುತ್ತೆ. ಅವರ ಆರ್‌ಓ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಅದ್ದಲು ಹೇಳಿ. ಅದೂ ಕಂದಾಗುತ್ತೆ.

ಸುಣ್ಣಬಣ್ಣ

ಗೋಡೆ ತೇವ ನಿಂತ ಮೇಲೆ ಬಣ್ಣ ಹೊಡೆಸ್ತೀರಲ್ಲ, ಅದಕ್ಕೂ ಲೆಕ್ಕ ಇಟ್ಟುಕೊಳ್ಳಿ. ರೂಮು 10×12 ಅಡಿ, ಎತ್ತರ 10 ಅಡಿ ಇದ್ದರೆ ಗೋಡೆ ನಾಲ್ಕೂ ಸೇರಿ 440 ಚದರಡಿ, ಸೂರು 120, ಒಟ್ಟು 560. ಬಾಗಿಲು 7×3, ಕಿಟಕಿ 4×4 ಕಳೆದರೆ 523. ನಯವಾದ ಗೋಡೆಗೆ ಎಮಲ್ಷನ್ ಎರಡು ಕೋಟು ಅಂದರೆ ಲೀಟರಿಗೆ ಸುಮಾರು 60 ಚದರಡಿ, ಅಂದಾಜು 9 ಲೀಟರ್. ಆ ಒಂದು ರೂಮಿಗೆ 20 ಲೀಟರ್ ಬಕೆಟ್ ಬರೆದುಕೊಟ್ಟರೆ ಲೆಕ್ಕ ಕೇಳಿ. ಬಣ್ಣದ ಕಂಪನಿಗಳು ಕೆಲವು ಬಕೆಟ್ಟುಗಳೊಳಗೆ ಪೇಂಟರಿಗೆ ಅಂತ ಟೋಕನ್ ಇಡುತ್ತವೆ, ಅದರಿಂದಲೂ ಬಕೆಟ್ ಹೆಚ್ಚಾಗುವುದುಂಟು. ಸಾಮಾನು ನೀವೇ ಅಂಗಡಿಯಿಂದ ತಂದರೆ ಒಳ್ಳೇದು. ಅವರೇ ತಂದರೆ ಅಂಗಡಿ ಬಿಲ್ಲು ಬೇಕು ಅನ್ನಿ, ಸೀಲ್ ಒಡೆಯುವುದು ನಿಮ್ಮ ಕಣ್ಣೆದುರಿಗೇ ಆಗಲಿ. ಮುಖ್ಯವಾಗಿ, ಸೋರಿಕೆ ನಿಲ್ಲಿಸಿದ ಮೇಲೆ ಗೋಡೆ ಪೂರ್ತಿ ಒಣಗುವ ತನಕ ಪುಟ್ಟಿ ಬೇಡ. ಹಸಿ ಗೋಡೆಗೆ ಪುಟ್ಟಿ ಹಾಕಿದರೆ ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಏಳುತ್ತೆ.

ಅಡ್ವಾನ್ಸ್ ಅಂತ ಪೂರ್ತಿ ಕೊಡಬೇಡಿ. ಸಾಮಾನಿನ ದುಡ್ಡು ಮೊದಲು, ಕೂಲಿ ಹಂತಹಂತವಾಗಿ, ಕೊನೆಯ ಒಂದು ಪಾಲು ಪರೀಕ್ಷೆ ಮುಗಿದ ಮೇಲೆ. ಬಿಲ್ಲು, ವಾಟ್ಸಾಪ್ ಮೆಸೇಜು ಇಟ್ಟುಕೊಂಡಿದ್ದರೆ ಮುಂದೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಲೂ ಆಧಾರ ಇರುತ್ತೆ.

ಹಿತ್ತಲಮನೆ, ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫ್ಯಾನ್ ಸಲೀಸಾಗಿ ತಿರುಗುತ್ತೆ. ಗೀಸರ್ ಪ್ಲಗ್ ಕಿತ್ತರೆ ಆರ್‌ಸಿಸಿಬಿ ಬೀಳದೆ ನಿಲ್ಲುತ್ತೆ. ಮೋಟಾರಿಗೆ ಬೇರೆ ವೈರ್‌ಮನ್ ಬಂದು ಡಬ್ಬಿ ಬಿಚ್ಚಿದ್ದಾರೆ, ಕೆಪಾಸಿಟರ್ ಊದಿಕೊಂಡಿದೆ, ಮೇಲೆ 25 ಮೈಕ್ರೊಫ್ಯಾರಡ್ 440 ವೋಲ್ಟ್ ಅಂತಿದೆ. ಅಂಗಡಿಯಲ್ಲಿ 36ರದ್ದು ಮಾತ್ರ ಇದೆಯಂತೆ, "ಜಾಸ್ತಿ ಇದ್ದರೆ ಒಳ್ಳೇದೇ ಮೇಡಂ, ಜೋರಾಗಿ ಎತ್ತುತ್ತೆ" ಅಂತಿದ್ದಾರೆ. ಹಾಕಿಸಬಹುದಾ?

ವೈರ್‌ಮನ್, ಹುಬ್ಬಳ್ಳಿ

ಬ್ಯಾಡ್ರಿ ಅಕ್ಕಾರ. 25 ಅಂದ್ರ 25ನ. 36 ಹಾಕಿದ್ರ ಸ್ಟಾರ್ಟಿಂಗ್ ವೈಂಡಿಂಗಿನಾಗ ಬೇಕಾದ್ದಕ್ಕಿಂತ ಜಾಸ್ತಿ ಕರೆಂಟ್ ಹರೀತದ. ಇವತ್ತ ತಿರುಗ್ತದ, ಆದ್ರ ಕಾಯ್ಕೊಂತ ಹೋಗಿ ಸ್ವಲ್ಪ ದಿನಕ್ಕ ವೈಂಡಿಂಗ್ ಖರೇನ ಸುಡ್ತದ. ವೋಲ್ಟೂ 440ಕ್ಕ ಕಡಿಮಿ ಇರಬಾರದು. ಇನ್ನೊಂದು ಅಂಗಡಿ ಕೇಳ್ರಿ, 25 ಸಾಮಾನ್ಯ ಸೈಜು, ಸಿಗ್ತದ. ಹಾಕಿಸಿದ ಮ್ಯಾಲೆ ಕ್ಲಾಂಪ್ ಮೀಟರ್ ಹಚ್ಚಿ ಆಂಪ್ಸ್ (ಎಷ್ಟು ಕರೆಂಟ್ ಎಳೀತದ ಅಂತ) ನೋಡಾಕ ಹೇಳ್ರಿ. ಮೋಟಾರಿನ ಹೆಸರ ಪಟ್ಟಿ ಮ್ಯಾಲೆ ಬರದದ್ದರ ಒಳಗ ಇರಬೇಕು. ಊದಿದ ಹಳೇದನ್ನ ನಿಮ್ಮ ಕೈಯಾಗ ಇಸ್ಕೊರಿ.